ಆಟದ ಕಣದಲ್ಲಿ ಕ್ಷಮಾಯಾಚನೆ: ಒಂದು ವಿವೇಚನೆ

ಒಬ್ಬನು ಮತ್ತೊಬ್ಬನಿಗೆ ಕೇಡು ಮಾಡಿದ ಮೇಲೆ ಅವರಿಬ್ಬರ ನಡುವೆ ಉಳಿಯುವ ಲೆಕ್ಕವು ಎರಡು ಬಗೆಯದು. ಒಂದನ್ನು ಕಾನೂನು ತೀರಿಸುತ್ತದೆ. ದಂಡ, ನಿಷೇಧ, ಪರಿಹಾರದ್ರವ್ಯ ಮೊದಲಾದವು ಅದರ ಸಾಧನಗಳು. ಇನ್ನೊಂದನ್ನು ಕೇಡು ಮಾಡಿದವನೇ ತನ್ನ ಬಾಯಿಂದ ತೀರಿಸಬೇಕು. ಅವನ ಪರವಾಗಿ ಬೇರೆ ಯಾರೂ ಅದನ್ನು ತೀರಿಸಲಾರರು. ಕ್ಷಮಾಯಾಚನೆಯೆಂಬ ಈ ಎರಡನೆಯ ವ್ಯವಹಾರವು ನೀತಿವಿಚಾರಕ್ಕೂ ಭಾಷಾವಿಚಾರಕ್ಕೂ ಸಮಾನವಾಗಿ ಸೇರಿದುದು. ಅದರ ಸ್ವರೂಪವನ್ನು ತಿಳಿಯಲು ನಾವು ಇಲ್ಲಿ ಆಟದ ಕಣವನ್ನು ಆರಿಸಿಕೊಂಡಿದ್ದೇವೆ. ಅಲ್ಲಿ ನಿಯಮಗಳು ಬರಹದಲ್ಲಿರುತ್ತವೆ. ಕೃತ್ಯವು ಸಹಸ್ರಾರು ಜನರ ಕಣ್ಣೆದುರಿಗೆ ನಡೆಯುತ್ತದೆ. ದಂಡನೆಯು ಕೆಲವೇ ದಿನಗಳಲ್ಲಿ ಹೊರಬೀಳುತ್ತದೆ. ಆಟಗಾರನು ಆಡಿದ ಮಾತು ದಾಖಲೆಯಾಗಿ ಉಳಿಯುತ್ತದೆ. ಆದಕಾರಣ ಎರಡು ಲೆಕ್ಕಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಲು ಇಷ್ಟು ಅನುಕೂಲವಾದ ಸ್ಥಳ ಮತ್ತೊಂದು ದೊರೆಯುವುದು ಕಷ್ಟ.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟವು ನಮ್ಮಲ್ಲಿ ಪ್ರಚಾರದಲ್ಲಿರುವ ಕಾಲ್ಚೆಂಡಾಟವಲ್ಲ. ಅದರಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಬಹುಮಟ್ಟಿಗೆ ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೆ ಎಸೆಯುತ್ತಾರೆ. ಚೆಂಡು ಹಿಡಿದವನನ್ನು ಮೈಯಿಂದ ಡಿಕ್ಕಿ ಹೊಡೆದು ನೆಲಕ್ಕೆ ಕೆಡಹುವುದು ಎದುರಾಳಿಯ ಹಕ್ಕು. ಅಷ್ಟೇ ಅಲ್ಲ, ಅವನ ಕರ್ತವ್ಯವೂ ಹೌದು. ತಲೆಗೆ ಶಿರಸ್ತ್ರಾಣ, ಭುಜಕ್ಕೆ ಮೆತ್ತೆ ಧರಿಸಿಯೇ ಎಲ್ಲರೂ ಕಣಕ್ಕಿಳಿಯುತ್ತಾರೆ. ಇಂತಹ ಆಟದಲ್ಲಿ ಪ್ರಹಾರವೇ ಅಪರಾಧವಲ್ಲ. ಯಾವ ಪ್ರಹಾರ, ಯಾರ ಮೇಲೆ, ಯಾವ ಕ್ಷಣದಲ್ಲಿ ಎಂಬುದೇ ಪ್ರಶ್ನೆ. ತಂಡದ ಆಕ್ರಮಣವನ್ನು ನಡೆಸುವ ಆಟಗಾರನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಅವನು ಚೆಂಡು ಹಿಡಿದು ಓಡುತ್ತಿರುವಾಗ ಕಾಲು ಮುಂದಾಗಿ ನೆಲದ ಮೇಲೆ ಜಾರಿದನೆಂದರೆ, ‘ಇಲ್ಲಿಗೆ ನಿಲ್ಲಿಸಿದೆ’ ಎಂದು ಹೇಳಿದಂತೆಯೇ ಲೆಕ್ಕ. ಆ ಬಳಿಕ ಅವನ ತಲೆಗಾಗಲಿ ಕುತ್ತಿಗೆಗಾಗಲಿ ಹೊಡೆಯುವುದು ನಿಯಮಬಾಹಿರ.

2024ರ ಡಿಸೆಂಬರ್ 1ರಂದು ಫ್ಲಾರಿಡಾ ಸಂಸ್ಥಾನದ ಜ್ಯಾಕ್ಸನ್‌ವಿಲ್ ನಗರದಲ್ಲಿ ಹ್ಯೂಸ್ಟನ್ ಟೆಕ್ಸನ್ಸ್ ತಂಡಕ್ಕೂ ಜ್ಯಾಕ್ಸನ್‌ವಿಲ್ ಜಾಗ್ವಾರ್ಸ್ ತಂಡಕ್ಕೂ ಪಂದ್ಯ ನಡೆಯಿತು. ಎರಡನೆಯ ಪಾದದಲ್ಲಿ ಜಾಗ್ವಾರ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಟ್ರೆವರ್ ಲಾರೆನ್ಸರು ಚೆಂಡು ಹಿಡಿದು ಓಡಿ, ನಿಯಮದಂತೆ ನೆಲದ ಮೇಲೆ ಜಾರಿದರು. ಎದುರು ತಂಡದ ರಕ್ಷಕ ಅಜೀಜ್ ಅಲ್-ಶೈರ್ ಅವರ ಮುಂಗೈ ಲಾರೆನ್ಸರ ತಲೆಯ ಭಾಗಕ್ಕೆ ಬಲವಾಗಿ ತಗುಲಿತು. ಲಾರೆನ್ಸರಿಗೆ ಮಿದುಳಿನ ಆಘಾತವಾಯಿತು; ಅವರನ್ನು ಬಂಡಿಯ ಮೇಲೆ ಕಣದಿಂದ ಹೊರಕ್ಕೆ ಸಾಗಿಸಬೇಕಾಯಿತು. ಎರಡು ತಂಡಗಳವರೂ ಕೈಕೈ ಮಿಲಾಯಿಸಿದರು. ಅಲ್-ಶೈರ್ ಅವರನ್ನು ಪಂದ್ಯದಿಂದ ಹೊರಗೆ ಕಳುಹಿಸಲಾಯಿತು. ಆ ದಿನ ಟೆಕ್ಸನ್ಸ್ ತಂಡವು 23-20ರಿಂದ ಗೆದ್ದಿತಾದರೂ ಊರೂರಿನ ಮಾತು ಗೆಲುವಿನ ವಿಷಯವಾಗಿರಲಿಲ್ಲ.

ಮರುದಿನ ಅಲ್-ಶೈರ್ ಅವರು ಸಾರ್ವಜನಿಕವಾಗಿ ಒಂದು ಹೇಳಿಕೆಯನ್ನು ಪ್ರಕಟಿಸಿದರು. ಅದರ ಸಾರಾಂಶವನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: ತಾವು ಯಾವಾಗಲೂ ಶಕ್ತಿಮೀರಿ ಆಡುವವರು, ಆದರೆ ಯಾರನ್ನೂ ಗಾಯಗೊಳಿಸುವ ಉದ್ದೇಶ ತಮಗಿಲ್ಲ, ಲಾರೆನ್ಸರು ಜಾರುತ್ತಿರುವುದು ತಮಗೆ ಕಾಣುವಷ್ಟರಲ್ಲಿ ಹೊತ್ತು ಮೀರಿತ್ತು, ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದುಹೋಯಿತು, ಕೊನೆಗೆ ಆದುದಕ್ಕಾಗಿ ಟ್ರೆವರರಲ್ಲಿ ಮನಃಪೂರ್ವಕವಾಗಿ ಕ್ಷಮೆ ಬೇಡುತ್ತೇನೆ. ತರುವಾಯ, ತಮ್ಮನ್ನು ಜನಾಂಗದ ಮತ್ತು ಮತದ ಹೆಸರಿನಲ್ಲಿ ಹಳಿದವರಿಗೆ ಖಾರವಾದ ಉತ್ತರವೂ ಅದೇ ಹೇಳಿಕೆಯಲ್ಲಿತ್ತು.

ಈ ಹೇಳಿಕೆಯನ್ನು ಬಿಡಿಸಿ ನೋಡಲು ಇಬ್ಬರು ವಿಚಾರವಂತರ ಮಾತು ನಮಗೆ ನೆರವಾಗುತ್ತದೆ. ಮೊದಲನೆಯವರು ಆಕ್ಸ್‌ಫರ್ಡಿನ ತತ್ತ್ವಜ್ಞ ಜೆ. ಎಲ್. ಆಸ್ಟಿನ್. ಇವರು 1955ರಲ್ಲಿ ಹಾರ್ವರ್ಡಿನಲ್ಲಿ ಮಾಡಿದ ಉಪನ್ಯಾಸಗಳು ಇವರ ಮರಣಾನಂತರ 1962ರಲ್ಲಿ ಪುಸ್ತಕವಾಗಿ ಬಂದವು. ಕೆಲವು ವಾಕ್ಯಗಳು ಸಂಗತಿಯನ್ನು ವರ್ಣಿಸುವುದಿಲ್ಲ, ಆಡಿದೊಡನೆ ಒಂದು ಕಾರ್ಯವನ್ನೇ ನಡೆಸುತ್ತವೆ ಎಂಬುದು ಅವರ ಸಿದ್ಧಾಂತ. ‘ಮಾತು ಕೊಡುತ್ತೇನೆ’ ಎಂದಾಗ ವಚನವು ದತ್ತವಾಗಿಯೇ ಹೋಗುತ್ತದೆ. ‘ಕ್ಷಮೆ ಬೇಡುತ್ತೇನೆ’ ಎಂಬುದೂ ಅದೇ ಜಾತಿಯದು. ಮನಸ್ಸಿಲ್ಲದೆ ಆಡಿದರೆ ಆ ಕಾರ್ಯವು ದುರುಪಯೋಗವೆನಿಸುತ್ತದೆಯೇ ಹೊರತು ನಡೆಯಲೇ ಇಲ್ಲವೆಂದಾಗುವುದಿಲ್ಲ. ಇದರಿಂದ ಒಂದು ಪ್ರಯೋಜನವುಂಟು. ಆಟಗಾರನ ಅಂತರಂಗವನ್ನು ಹೊಕ್ಕು ನೋಡುವುದು ನಮಗೆ ಸಾಧ್ಯವಿಲ್ಲ. ಆದರೆ ಅವನ ಮಾತು ಯಾವ ಕಾರ್ಯವನ್ನು ನಡೆಸಿತು, ಯಾವುದನ್ನು ಬಿಟ್ಟಿತು ಎಂಬುದನ್ನು ಪರೀಕ್ಷಿಸಬಹುದು.

ಅದೇ ಆಸ್ಟಿನ್ನರು 1956ರ ಒಂದು ಪ್ರಬಂಧದಲ್ಲಿ ಸಮರ್ಥನೆಗೂ ಸಬೂಬಿಗೂ ಇರುವ ಭೇದವನ್ನು ತೋರಿಸಿದ್ದಾರೆ. ಸಮರ್ಥನೆಯಲ್ಲಿ ‘ಮಾಡಿದವನು ನಾನೇ, ಆದರೆ ಮಾಡಿದುದು ಸರಿ’ ಎಂಬ ಭಾವವಿದೆ. ಸಬೂಬಿನಲ್ಲಿ ‘ಆದುದು ಕೆಟ್ಟದ್ದೇ, ಆದರೆ ಅದರ ಹೊಣೆ ಪೂರ್ತಿ ನನ್ನದಲ್ಲ’ ಎಂಬ ಭಾವವಿದೆ. ಕ್ಷಮಾಯಾಚನೆಯು ಇವೆರಡರಿಂದಲೂ ಭಿನ್ನ: ‘ಮಾಡಿದವನು ನಾನು, ಮಾಡಿದುದು ತಪ್ಪು’ ಎಂಬ ಎರಡು ಅಂಗೀಕಾರಗಳೂ ಅಲ್ಲಿ ಕೂಡಿರಬೇಕು. ಇಂಗ್ಲಿಷಿನಲ್ಲಿ ಕ್ಷಮಾಯಾಚನೆಗಿರುವ ‘ಅಪಾಲಜಿ’ ಎಂಬ ಪದದ ಮೂಲವಾದ ಗ್ರೀಕ್ ಶಬ್ದಕ್ಕೆ ಪ್ರತಿವಾದ ಎಂದೇ ಅರ್ಥ. ಪ್ಲೇಟೋ ಬರೆದ ಸಾಕ್ರಟೀಸನ ಪ್ರತಿವಾದಕ್ಕೆ ಆ ಹೆಸರಿರುವುದನ್ನು ವಿದ್ಯಾರ್ಥಿಗಳು ಬಲ್ಲರು. ಆ ಹಳೆಯ ಅರ್ಥವು ಹೊಸದರ ಬೆನ್ನು ಬಿಟ್ಟಿಲ್ಲವೆಂಬುದಕ್ಕೆ ಇಂದಿನ ಸಾರ್ವಜನಿಕ ಹೇಳಿಕೆಗಳೇ ಸಾಕ್ಷಿ.

ಎರಡನೆಯವರು ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್. 1971ರ ತಮ್ಮ ಗ್ರಂಥದಲ್ಲಿ ಅವರು, ಕ್ಷಮೆ ಬೇಡುವವನು ತನ್ನನ್ನು ಎರಡು ಭಾಗ ಮಾಡಿಕೊಳ್ಳುತ್ತಾನೆ ಎನ್ನುತ್ತಾರೆ. ಒಂದು ಭಾಗ ತಪ್ಪು ಮಾಡಿದುದು. ಮತ್ತೊಂದು ಆ ತಪ್ಪನ್ನು ಖಂಡಿಸಿ ನಿಯಮದ ಪಕ್ಷದಲ್ಲಿ ನಿಲ್ಲುವುದು. ಈ ಎರಡನೆಯ ಭಾಗವು ಕಾಣಿಸಿಕೊಂಡಾಗಲೇ ನೊಂದವನಿಗೆ, ‘ಇವನೊಡನೆ ಮತ್ತೆ ಕಣದಲ್ಲಿ ನಿಲ್ಲಬಹುದು’ ಎಂಬ ಭರವಸೆ ಬರುತ್ತದೆ.

ಈ ಅಳತೆಗೋಲಿನಿಂದ ನೋಡಿದರೆ ಅಲ್-ಶೈರ್ ಅವರ ಹೇಳಿಕೆಯಲ್ಲಿ ಮೂರೂ ಬಗೆಯ ಮಾತು ಬೆರೆತಿದೆ. ಶಕ್ತಿಮೀರಿ ಆಡುವುದೇ ತಮ್ಮ ಧರ್ಮವೆಂಬುದು ಸಮರ್ಥನೆ. ಕಂಡಾಗ ಹೊತ್ತು ಮೀರಿತ್ತೆಂಬುದು ಸಬೂಬು. ಲಾರೆನ್ಸರ ಹೆಸರು ಹಿಡಿದು ಕ್ಷಮೆ ಬೇಡಿದುದು ನಿಜವಾದ ಯಾಚನೆ. ಆದರೆ ಯಾವುದಕ್ಕಾಗಿ ಬೇಡಿದರು? ‘ಕೊನೆಗೆ ಆದುದಕ್ಕಾಗಿ.’ ಆ ಪದಪುಂಜದಲ್ಲಿ ಕರ್ತೃವೂ ಇಲ್ಲ, ತಪ್ಪೆಂಬ ಹೆಸರೂ ಇಲ್ಲ. ಸಬೂಬು ಸತ್ಯವಾಗಿರಬಹುದು, ವೇಗದ ಆಟದಲ್ಲಿ ಕ್ಷಣಾರ್ಧದ ವ್ಯತ್ಯಾಸವು ಸಹಜವೇ. ಆದರೂ ಸಬೂಬು ಮುಂದೆ, ಯಾಚನೆ ಹಿಂದೆ ಬಂದಾಗ ಕೇಳುವವನ ಕಿವಿಯಲ್ಲಿ ಮೊದಲನೆಯದೇ ಉಳಿಯುತ್ತದೆ.

ಕನ್ನಡ ಭಾಷೆಯ ರೂಢಿಯು ಈ ಭೇದವನ್ನು ಸ್ಪಷ್ಟವಾಗಿ ತೋರಿಸುತ್ತದೆ. ‘ಹೀಗಾದುದಕ್ಕೆ ವಿಷಾದಿಸುತ್ತೇನೆ’, ‘ನನ್ನಿಂದ ತಪ್ಪಾಯಿತು’, ‘ನಾನು ತಪ್ಪು ಮಾಡಿದೆ’ ಎಂಬ ಮೂರು ವಾಕ್ಯಗಳನ್ನು ಸಾಲಾಗಿ ಇಟ್ಟುಕೊಳ್ಳೋಣ. ಮೊದಲನೆಯದರಲ್ಲಿ ಮಾಡಿದವನೂ ಇಲ್ಲ, ತಪ್ಪೂ ಇಲ್ಲ; ದಾರಿಹೋಕನೂ ಅದನ್ನು ಹೇಳಬಹುದು. ಎರಡನೆಯದರಲ್ಲಿ ಕ್ರಿಯೆಯು ತಾನಾಗಿ ಆದಂತೆ ತೋರಿದರೂ ‘ತಪ್ಪು’ ಎಂಬ ಹೆಸರು ಬಿದ್ದಿದೆ, ‘ನನ್ನಿಂದ’ ಎಂಬಲ್ಲಿ ಹೊಣೆಯೂ ಸಂದಿದೆ. ನಮ್ಮ ಹಿರಿಯರು ಕೈಮುಗಿದು ‘ತಪ್ಪಾಯಿತು’ ಎಂದಷ್ಟೇ ಹೇಳುತ್ತಿದ್ದರೂ, ನೊಂದವನ ಎದುರಿಗೆ ನಿಂತು ಹೇಳುತ್ತಿದ್ದುದರಿಂದ ಮಾಡಿದವರು ಯಾರೆಂಬುದು ಮರೆಯಾಗುತ್ತಿರಲಿಲ್ಲ. ಮೂರನೆಯದರಲ್ಲಿ ಎಲ್ಲವೂ ಬಯಲು. ಪತ್ರಿಕೆಗೆ ಕೊಟ್ಟ ಹೇಳಿಕೆಯಲ್ಲಿ ಎದುರಿಗೆ ನಿಲ್ಲುವ ಸಂದರ್ಭವಿಲ್ಲ; ಆದಕಾರಣ ಅಲ್ಲಿ ಇಡಿಯ ಭಾರವನ್ನು ವಾಕ್ಯವೇ ಹೊರಬೇಕಾಗುತ್ತದೆ.

ಇನ್ನು ದಂಡನೆಯ ವಿಷಯ. ಅಮೆರಿಕದ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಅಲ್-ಶೈರ್ ಅವರನ್ನು ಮೂರು ಪಂದ್ಯಗಳಿಂದ, ವೇತನವಿಲ್ಲದೆ, ಹೊರಗಿಟ್ಟಿತು. ಅವರು ಮೇಲ್ಮನವಿ ಸಲ್ಲಿಸಿದರೂ ತೀರ್ಪು ಬದಲಾಗಲಿಲ್ಲ. ಕ್ಷಮೆ ಕೇಳಿದ ಬಳಿಕವೂ ಇಷ್ಟು ದಂಡವೇಕೆ ಎಂದು ಕೇಳುವವರುಂಟು. ಈ ಪ್ರಶ್ನೆಯು ಎರಡು ಲೆಕ್ಕಗಳನ್ನು ಒಂದಾಗಿ ಕಾಣುವುದರಿಂದ ಹುಟ್ಟಿದುದು. ದಂಡವು ನಾಳೆ ನೆಲದ ಮೇಲೆ ಜಾರುವ ಪ್ರತಿಯೊಬ್ಬ ಆಟಗಾರನ ತಲೆಯನ್ನು ಕಾಯುವುದಕ್ಕಾಗಿ ಇರುವುದು; ಕ್ಷಮಾಯಾಚನೆಯು ನಿನ್ನೆ ಬಿದ್ದ ಒಬ್ಬನಿಗೆ ಸಲ್ಲಬೇಕಾದುದು. ಮೊದಲನೆಯದನ್ನು ಕೊಟ್ಟರೆ ಎರಡನೆಯದು ತೀರದು. ಎರಡನೆಯದನ್ನು ಕೊಟ್ಟರೆ ಮೊದಲನೆಯದು ಮನ್ನಾ ಆಗಲಾರದು. ನಮ್ಮ ದೇವಸ್ಥಾನಗಳಲ್ಲಿ ತಪ್ಪುಕಾಣಿಕೆಯನ್ನು ಒಪ್ಪಿಸುವವನು ಕಾಣಿಕೆಯನ್ನೂ ಇಡುತ್ತಾನೆ, ತಪ್ಪಾಯಿತೆಂದೂ ಹೇಳುತ್ತಾನೆ. ಎರಡೂ ಬೇಕೆಂಬ ತಿಳಿವಳಿಕೆಯು ಆ ಪದದಲ್ಲಿಯೇ ಅಡಗಿದೆ.

ಎರಡು ಲೆಕ್ಕಗಳೂ ಬೇರೆಯೆಂಬುದನ್ನು ಅದೇ ಆಟದ ಇನ್ನೊಂದು ಘಟನೆಯು ಅತ್ಯಂತ ಕಠೋರವಾಗಿ ತೋರಿಸುತ್ತದೆ. 1978ರ ಆಗಸ್ಟ್ 12ರಂದು ಕ್ಯಾಲಿಫೋರ್ನಿಯದ ಓಕ್ಲೆಂಡಿನಲ್ಲಿ ನಡೆದ, ಪಂದ್ಯಾವಳಿಯ ಲೆಕ್ಕಕ್ಕೇ ಸೇರದ ಒಂದು ಪೂರ್ವಸಿದ್ಧತೆಯ ಪಂದ್ಯದಲ್ಲಿ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ಡ್ಯಾರಿಲ್ ಸ್ಟಿಂಗ್ಲಿಯವರು ಎತ್ತರದಲ್ಲಿ ಬಂದ ಚೆಂಡಿಗೆ ಮೈ ಚಾಚಿದಾಗ ಓಕ್ಲೆಂಡ್ ರೈಡರ್ಸ್ ತಂಡದ ಜ್ಯಾಕ್ ಟೇಟಮ್ಮರು ಡಿಕ್ಕಿ ಹೊಡೆದರು. ಸ್ಟಿಂಗ್ಲಿಯವರ ಕುತ್ತಿಗೆಯ ಮೂಳೆ ಮುರಿಯಿತು. 26ನೆಯ ವಯಸ್ಸಿನಲ್ಲಿ ಅವರ ಕೈಕಾಲುಗಳು ಸ್ವಾಧೀನ ತಪ್ಪಿದವು. ಅಂದಿನ ನಿಯಮಗಳ ಪ್ರಕಾರ ಆ ಪ್ರಹಾರವು ತಪ್ಪಾಗಿರಲಿಲ್ಲ. ತೀರ್ಪುಗಾರರು ದಂಡವನ್ನೂ ವಿಧಿಸಲಿಲ್ಲ. ಎದುರು ತಂಡದ ತರಬೇತುದಾರ ಜಾನ್ ಮ್ಯಾಡನ್ನರು ಆಸ್ಪತ್ರೆಗೆ ಮತ್ತೆ ಮತ್ತೆ ಹೋಗಿ ರೋಗಿಯ ಬಳಿ ಕುಳಿತರು. ಟೇಟಮ್ಮರು ಮಾತ್ರ ಕ್ಷಮೆ ಕೇಳಲಿಲ್ಲ. ತಮ್ಮನ್ನು ಆಸ್ಪತ್ರೆಯಲ್ಲಿ ಒಳಗೆ ಬಿಡಲಿಲ್ಲವೆಂದು ಅವರು ಹೇಳಿದುದುಂಟು. ಆದರೆ ಅವರ ನಿಲುವಿನ ಮುಖ್ಯ ಆಧಾರವು, ತಾವು ಆಡಿದ ಆಟವು ನಿಯಮಬದ್ಧವಾಗಿತ್ತು ಎಂಬುದೇ.

1996ರಲ್ಲಿ ಇಬ್ಬರನ್ನೂ ದೂರದರ್ಶನದಲ್ಲಿ ಕೂಡಿಸುವ ಏರ್ಪಾಡಾಯಿತು. ಟೇಟಮ್ಮರ ಹೊಸ ಪುಸ್ತಕದ ಪ್ರಚಾರಕ್ಕೂ ಅದಕ್ಕೂ ಸಂಬಂಧವಿದೆಯೆಂದು ತಿಳಿದು ಸ್ಟಿಂಗ್ಲಿಯವರು ಹಿಂದೆ ಸರಿದರು. 2003ರಲ್ಲಿ ಟೇಟಮ್ಮರು ಮಧುಮೇಹದಿಂದ ಒಂದು ಕಾಲನ್ನು ಕಳೆದುಕೊಂಡಾಗ, ಅದನ್ನು ಕೇಳಿ ಸಂತೋಷಪಡುವುದು ಮನುಷ್ಯನಾದವನಿಗೆ ಸಲ್ಲದೆಂಬರ್ಥದ ಮಾತನ್ನು ಸ್ಟಿಂಗ್ಲಿಯವರು ಆಡಿದರು. 2007ರಲ್ಲಿ ಅವರು ತೀರಿಕೊಂಡರು, 2010ರಲ್ಲಿ ಟೇಟಮ್ಮರೂ ತೀರಿಕೊಂಡರು. ಆಡಬೇಕಾಗಿದ್ದ ಮಾತು ಆಡದೆಯೇ ಉಳಿಯಿತು. ನಿಯಮವು ‘ತಪ್ಪಿಲ್ಲ’ ಎಂದಾಗಲೂ ಒಂದು ಮಾತಿನ ಋಣವು ಉಳಿಯಬಹುದು. ಆ ಋಣಕ್ಕೆ ನಿಯಮಪುಸ್ತಕದಲ್ಲಿ ಜಾಗವಿಲ್ಲ.

ಯಾಚನೆಯನ್ನು ಮಾಡಿಯೂ ಅದನ್ನು ಸಲ್ಲಬೇಕಾದವನಿಗೆ ಸಲ್ಲಿಸದಿರುವುದೂ ಉಂಟು. ಇದಕ್ಕೆ ನಮಗೆ ಪರಿಚಿತವಾದ ಕಾಲ್ಚೆಂಡಾಟದಲ್ಲಿಯೇ ನಿದರ್ಶನವಿದೆ. 2006ರ ಜುಲೈ 9ರಂದು ಬರ್ಲಿನ್ನಿನಲ್ಲಿ ನಡೆದ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಫ್ರಾನ್ಸಿನ ಜಿನೆದಿನ್ ಜಿದಾನರು ಇಟಲಿಯ ಮಾರ್ಕೊ ಮತೆರಾಜಿಯವರ ಎದೆಗೆ ತಲೆಯಿಂದ ಗುದ್ದಿದರು. ಮೂರು ದಿನಗಳ ತರುವಾಯ ದೂರದರ್ಶನದಲ್ಲಿ, ಅದನ್ನು ಕಂಡ ಮಕ್ಕಳಲ್ಲಿ ಕ್ಷಮೆ ಬೇಡಿದರು. ಆದರೆ ಪಶ್ಚಾತ್ತಾಪವಿಲ್ಲ, ಪಶ್ಚಾತ್ತಾಪಪಟ್ಟರೆ ಎದುರಾಳಿಯ ನಿಂದೆಯನ್ನು ಸರಿಯೆಂದು ಒಪ್ಪಿದಂತಾಗುತ್ತದೆ ಎಂದರು. ಪ್ರೇಕ್ಷಕರ ಲೆಕ್ಕ ತೀರಿತು, ಪೆಟ್ಟು ತಿಂದವನ ಲೆಕ್ಕ ಹಾಗೆಯೇ ನಿಂತಿತು. ನಿಂದೆಯಿಂದ ತಾವೂ ನೊಂದವರೆಂಬುದು ಜಿದಾನರ ವಾದ. ಇಬ್ಬರೂ ನೊಂದವರಾದಾಗ ಮೊದಲ ಮಾತನ್ನು ಯಾರು ಆಡಬೇಕೆಂಬುದು ಸುಲಭವಾಗಿ ಬಗೆಹರಿಯುವ ಪ್ರಶ್ನೆಯಲ್ಲ.

ಉರುಗ್ವೆಯ ಲೂಯಿಸ್ ಸ್ವಾರೆಜರ ಪ್ರಸಂಗ ಇದಕ್ಕೆ ಬೇರೆಯದು. 2014ರ ಜೂನ್ 24ರಂದು ಅವರು ಇಟಲಿಯ ಜಾರ್ಜಿಯೊ ಕಿಯೆಲ್ಲಿನಿಯವರನ್ನು ಕಚ್ಚಿದರು. ಆರು ದಿನಗಳ ಬಳಿಕ ಅವರು ಕೊಟ್ಟ ಹೇಳಿಕೆಯಲ್ಲಿ, ಡಿಕ್ಕಿಯ ಸಂದರ್ಭದಲ್ಲಿ ಸಹೋದ್ಯೋಗಿಯು ಕಡಿತದ ಪರಿಣಾಮವನ್ನು ಅನುಭವಿಸಿದನೆಂಬ ಧಾಟಿಯ ವಾಕ್ಯವಿತ್ತು. ಕಚ್ಚಿದವನು ವಾಕ್ಯದಿಂದ ಜಾರಿಕೊಂಡಿದ್ದನು. ಆದರೂ ಕಿಯೆಲ್ಲಿನಿಯವರ ಹೆಸರು ಹಿಡಿದು ಕ್ಷಮೆ ಬೇಡಿದ್ದರು, ಮತ್ತೆ ಹೀಗೆ ಮಾಡೆನೆಂದು ಮಾತು ಕೊಟ್ಟಿದ್ದರು. ಕಿಯೆಲ್ಲಿನಿಯವರು ಎಲ್ಲವನ್ನೂ ಮರೆತಿರುವುದಾಗಿ ಹೇಳಿ, ದಂಡನೆ ಕಡಿಮೆಯಾಗಲೆಂದು ಸಹ ಹಾರೈಸಿದರು. ವ್ಯಾಕರಣದ ಕೊರತೆಯನ್ನು ವಿಮರ್ಶಕನು ಎತ್ತಿ ತೋರಿಸಬಹುದು. ಮನ್ನಿಸುವ ಅಧಿಕಾರವು ಮಾತ್ರ ನೊಂದವನದು.

ಮೇಲ್ಕಂಡ ಸಂಗತಿಗಳಿಂದ ನಾವು ಮೂರು ಪ್ರಶ್ನೆಗಳನ್ನು ಹೆಕ್ಕಿಕೊಳ್ಳಬಹುದು. ಹೇಳಿಕೆಯಲ್ಲಿ ಮಾಡಿದವನು ಕಾಣುತ್ತಾನೆಯೇ? ಮಾಡಿದುದಕ್ಕೆ ತಪ್ಪೆಂಬ ಹೆಸರು ಇದೆಯೇ? ಅದು ನೊಂದವನನ್ನೇ ಉದ್ದೇಶಿಸಿದೆಯೇ, ಅಥವಾ ನೋಡುತ್ತಿರುವ ಜನರನ್ನೋ? ಸಾರ್ವಜನಿಕ ಕ್ಷಮಾಯಾಚನೆಗೆ ಯಾವಾಗಲೂ ಇಬ್ಬರು ಕೇಳುಗರು. ಜನರಿಗೆ ಕೇಳಿಸುವಂತೆ ಆಡುವುದರಲ್ಲಿ ದೋಷವಿಲ್ಲ. ಎಲ್ಲರೆದುರು ಮಾಡಿದ ತಪ್ಪನ್ನು ಎಲ್ಲರೆದುರು ಒಪ್ಪಿಕೊಳ್ಳುವುದು ನ್ಯಾಯವೇ. ಆದರೆ ಜನರು ಮುಂದಿನ ಪಂದ್ಯದ ಹೊತ್ತಿಗೆ ಮರೆಯುತ್ತಾರೆ. ಬಿದ್ದವನ ಮನೆಯಲ್ಲಿ ಅದು ಹಾಗಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿರುವವನಿಗೆ ಲೀಗಿನ ಆಜ್ಞಾಪತ್ರದಿಂದ ದೊರೆಯದ ಒಂದು ವಸ್ತು ಬೇಕಾಗಿರುತ್ತದೆ, ಅದನ್ನು ಕೊಡಬಲ್ಲವನು ಲೋಕದಲ್ಲಿ ಒಬ್ಬನೇ ಎಂಬುದನ್ನು ಆಟಗಾರರಿಗೂ, ಅವರನ್ನು ತಿದ್ದುವ ಅಧ್ಯಾಪಕರಿಗೂ ಸ್ಟಿಂಗ್ಲಿಯವರ ಇಪ್ಪತ್ತೆಂಟು ವರ್ಷಗಳು ತಿಳಿಸುತ್ತವೆ.