ಒಂದೇ ಈಡಿನ ಕೋವಿ

ಪುತ್ತೂರಿನಲ್ಲಿ ‘ಬೆಡಿ’ ಅಂದರೆ ಎರಡು ಅರ್ಥ. ಏಪ್ರಿಲ್‌ನಲ್ಲಿ ಮಹಾಲಿಂಗೇಶ್ವರನ ಜಾತ್ರೆಯ ರಾತ್ರಿ ಆಕಾಶಕ್ಕೆ ಹಾರುವುದೂ ಬೆಡಿ, ತೋಟದ ಮನೆಯ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕೂತಿರುವುದೂ ಬೆಡಿ. ಎರಡರಲ್ಲೂ ಮದ್ದು, ಎರಡರಲ್ಲೂ ಸದ್ದು. ಬೇರೆ ಹೆಸರು ಯಾಕೆ ಎಂದು ತುಳು ಬಿಟ್ಟುಬಿಟ್ಟಿದೆ. ನನ್ನ ಲೆಕ್ಕದಲ್ಲಿ ತುಳು ಹೇಳಿದ್ದೇ ಸರಿ. ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳಲ್ಲಿ ಕೋವಿ ಇವತ್ತು ಮಾಡುವ ಕೆಲಸ ಹೆಚ್ಚುಕಡಿಮೆ ಸದ್ದಿನದ್ದೇ.

ನಾನು ಹೇಳುತ್ತಿರುವುದು ತೋಟೆ ತುಂಬುವ ಕೋವಿಯ ಸಂಗತಿಯಲ್ಲ, ಕೇಪಿನ ಕೋವಿಯದು. ಲೈಸೆನ್ಸ್ ಪುಸ್ತಕದಲ್ಲಿ ‘ಎಸ್‌ಬಿಎಂಎಲ್’ ಎಂದು ಬರೆದಿರುತ್ತದೆ: ಒಂಟಿ ನಳಿಗೆ, ಬಾಯಿಂದ ತುಂಬುವಂಥದ್ದು. ನಳಿಗೆಯ ಬಾಯಿಗೆ ಮಸಿ, ಅಂದರೆ ಕೋವಿಮದ್ದು, ಸುರಿದು, ಮೇಲೆ ತೆಂಗಿನ ಕತ್ತ ತುರುಕಿ, ಗಜದಿಂದ ಜಡಿದು, ಚರೆಯೋ ಗುಂಡೋ ಹಾಕಿ, ಮತ್ತೆ ಕತ್ತ. ಹಿಂದುಗಡೆ ಮೊಲೆಯಂಥ ಕೊಳವೆಗೆ ತಾಮ್ರದ ಪುಟ್ಟ ಟೋಪಿ. ಆ ಟೋಪಿಯೇ ಕೇಪು. ಕುದುರೆ ಬಡಿದಾಗ ಕೇಪು ಕಿಡಿ ಕಾರಿ ಮಸಿಗೆ ಮುಟ್ಟಿಸುತ್ತದೆ. ಈ ಉಪಾಯದ ಮೂಲಪುರುಷ ಸ್ಕಾಟ್ಲೆಂಡಿನ ಒಬ್ಬ ಪಾದ್ರಿ, ಅಲೆಕ್ಸಾಂಡರ್ ಫಾರ್ಸೈತ್. ಹಳೆಯ ಚಕಮಕಿ ಕೋವಿಯ ಮಿಂಚು ಕಂಡೊಡನೆ ಬಾತುಕೋಳಿಗಳು ಹಾರಿಹೋಗುತ್ತವೆ ಎಂಬ ಬೇಸರಕ್ಕೆ ಆತ ಬಡಿದರೆ ಸಿಡಿಯುವ ಮದ್ದಿನ ಬೆನ್ನು ಹತ್ತಿ 1807ರಲ್ಲಿ ಪೇಟೆಂಟ್ ಪಡೆದ. ಅದೇ ಮುಂದೆ ಕೇಪಾಯಿತು. ನಮ್ಮವರು ಅದನ್ನು ಮಂಗನ ಕಾಟಕ್ಕೆ ಬಳಸಿಕೊಂಡರು.

ಅಮೆರಿಕದಲ್ಲಿ ಇಂಥ ಕೋವಿಯವರಿಗೆಂದೇ ಅನೇಕ ರಾಜ್ಯಗಳು ಜಿಂಕೆ ಬೇಟೆಯ ಪ್ರತ್ಯೇಕ ಋತು ಇಟ್ಟಿವೆ. ಪಾಯಿಂಟ್ 45 ಒಳ್ಳೆಯದೋ, ಪಾಯಿಂಟ್ 50 ಒಳ್ಳೆಯದೋ ಎಂದು ಅಲ್ಲಿನವರು ಚರ್ಚಿಸಿ ದಣಿಯುವುದಿಲ್ಲ. ಅವರ ಪಾಯಿಂಟ್ 50 ಎಂದರೆ 12.7 ಮಿಲಿಮೀಟರ್ ಬಾಯಿ, ಉರುಟು ಸೀಸದ ಗುಂಡಾದರೆ ಹನ್ನೊಂದು ಹನ್ನೆರಡು ಗ್ರಾಂ. ನಮ್ಮಲ್ಲಿ ಅಳತೆಯೇ ಬೇರೆ, ಬೋರಿನ ಲೆಕ್ಕ. ಒಂದು ಪೌಂಡ್ ಸೀಸವನ್ನು ಹನ್ನೆರಡು ಪಾಲು ಮಾಡಿ, ಒಂದು ಪಾಲನ್ನು ಉಂಡೆ ಕಟ್ಟಿದರೆ ಅದು ಹಿಡಿಸುವ ನಳಿಗೆ 12 ಬೋರು. ಬಾಯಿ ಸುಮಾರು 18.5 ಮಿಲಿಮೀಟರ್, ಉಂಡೆ 38 ಗ್ರಾಂ. 16 ಬೋರಿನ ಬಾಯಿ 16.8 ಮಿಲಿಮೀಟರ್, ಉಂಡೆ 28 ಗ್ರಾಂ. ಸಂಖ್ಯೆ ಏರಿದಷ್ಟೂ ಬಾಯಿ ಕಿರಿದು. ಹೊಸಬರು ಎಡವುವುದು ಇಲ್ಲೇ. ಅಮೆರಿಕದವರ ನಳಿಗೆಯೊಳಗೆ ಸಾಮಾನ್ಯವಾಗಿ ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳಿರುತ್ತವೆ. ನಮ್ಮದು ನುಣುಪು ನಳಿಗೆ. ದೂರದ ಗುರಿಗೆ ಆಗದು, ಹತ್ತಿರಕ್ಕೆ ಚರೆ ಚೆಲ್ಲಲು ಸಾಕು.

ಹಾಗಾದರೆ ಕಡವೆಗೆ ಯಾವ ಬೋರು? ಈ ಪ್ರಶ್ನೆ ಇಲ್ಲಿ ಎಂದೋ ಮುಗಿದಿದೆ. ಹಿಂದೆಲ್ಲ ಕೆಡ್ಡಸದ ಹಬ್ಬ ಬಂತೆಂದರೆ ಊರಿಗೆ ಊರೇ ನಾಯಿ ಕಟ್ಟಿಕೊಂಡು ಬೋಂಟೆಗೆ, ಅಂದರೆ ಬೇಟೆಗೆ, ಹೊರಡುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ಕಡವೆ, ಚುಕ್ಕೆ ಜಿಂಕೆ, ಕಾಡುಕುರಿ ಯಾವುದಕ್ಕೂ ಕೋವಿ ಎತ್ತುವಂತಿಲ್ಲ. ಬೇಟೆ ಕಥೆ ಹೇಳುವ ಅಜ್ಜಂದಿರು ಈಗಲೂ ಸಿಗುತ್ತಾರೆ, ಆದರೆ ಕಥೆಯ ಇಸವಿಯನ್ನು ಜಾಣತನದಿಂದ ಹಿಂದಕ್ಕೆ ತಳ್ಳಿರುತ್ತಾರೆ.

ಇಲ್ಲಿ ಕೋವಿಯ ಜಾತಿಯನ್ನು ಆರಿಸುವುದು ಪ್ರಾಣಿಯಲ್ಲ, ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಬೆಳೆ ರಕ್ಷಣೆಗೆ ಹೆಸರು ಹಿಡಿದು ಹೇಳುವುದು ಬಾಯಿಂದ ತುಂಬುವ ಕೋವಿಯನ್ನೇ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನುಣುಪು ನಳಿಗೆಯ ಕೋವಿ, ಅದೂ ನಳಿಗೆ 20 ಇಂಚಿಗೆ ಕಡಿಮೆಯಾಗದಂತೆ. ಕೃಷಿಕ ಒಂದೇ ಈಡು ಹೊಡೆದು, ಮತ್ತೆ ತುಂಬುವಷ್ಟರಲ್ಲಿ ಸಿಟ್ಟು ಇಳಿಯಲಿ ಎಂದು ಕಾಯ್ದೆ ಬರೆದವರು ಎಣಿಸಿದರೋ ಏನೋ. ಅಂತೂ ಲೈಸೆನ್ಸ್ ಇರುವುದು ಬೆಳೆಯ ರಕ್ಷಣೆಗೆ, ಪ್ರಾಣಿ ಇರುವುದು ಅರಣ್ಯ ಇಲಾಖೆಯ ರಕ್ಷಣೆಯಲ್ಲಿ. ಪಕ್ಕದ ಕೇರಳ 2022ರಲ್ಲಿ ಕಾಡುಹಂದಿ ಕೊಲ್ಲಿಸುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರ ಕೈಗೂ ಕೊಟ್ಟಿತು. ಈ ಕಡೆಯವರಿಗೆ ಉಳಿದದ್ದು ಢಂ ಎನಿಸುವುದೊಂದೇ. ಎಳೆ ಅಡಿಕೆ ಚೀಪಿ ಉದುರಿಸುವ ಮಂಗಗಳ ಹಿಂಡಿಗೆ ಅದು ಎರಡು ದಿನದ ಮಟ್ಟಿಗೆ ಸಾಕು. ಆನೆಗೆ ಸಾಲದು. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಬೆಳಬೆಳಗ್ಗೆಯೇ ಇಬ್ಬರು ಆನೆ ತುಳಿತಕ್ಕೆ ಸಿಕ್ಕಿ ಸತ್ತ ಮೇಲೆ, ಕೋವಿ ಇದ್ದ ಮನೆಯವರೂ ಕತ್ತಲಲ್ಲಿ ಅಂಗಳ ದಾಟಲು ಹಿಂಜರಿದರು.

ಸುಳ್ಯದವರಿಗೆ ಇನ್ನೊಂದು ಕುಟುಕು ಇದೆ. ಸಂಪಾಜೆಯಲ್ಲಿ ಜಿಲ್ಲೆಯ ಗಡಿ ದಾಟಿ ಕೊಡಗಿಗೆ ಕಾಲಿಟ್ಟರೆ ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸೇ ಬೇಡ. ಬ್ರಿಟಿಷರು ಕೊಟ್ಟ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಅಮರ ಸುಳ್ಯ ಸೀಮೆಯೂ 1834ರವರೆಗೆ ಕೊಡಗಿನ ಅರಸರದೇ. ಕಂಪನಿ ಸರ್ಕಾರ ಅದನ್ನು ಕೆನರಾಕ್ಕೆ ಸೇರಿಸಿ ಕಂದಾಯವನ್ನು ರೊಕ್ಕದಲ್ಲೇ ಕೊಡಿ ಎಂದಾಗ ರೈತರು ಬೆಳ್ಳಾರೆಯ ಖಜಾನೆ ಹಿಡಿದು 1837ರ ಏಪ್ರಿಲ್ 5ರಂದು ಮಂಗಳೂರನ್ನೇ ವಶಮಾಡಿಕೊಂಡರು. ಹಾಗೆ ಎದ್ದ ಸೀಮೆಯವರು ಇವತ್ತು ಒಂಟಿ ನಳಿಗೆಯ ಲೈಸೆನ್ಸ್ ನವೀಕರಣಕ್ಕೆ ಕಚೇರಿ ಮೆಟ್ಟಿಲು ಹತ್ತುತ್ತಾರೆ.

ಅದಕ್ಕಿಂತ ದೊಡ್ಡ ತಕರಾರು ಚುನಾವಣೆಯದು. ನೀತಿಸಂಹಿತೆ ಜಾರಿಯಾದೊಡನೆ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕು. 2024ರಲ್ಲಿ ಲೋಕಸಭಾ ಚುನಾವಣೆಯ ಘೋಷಣೆ ಬಂದದ್ದು ಮಾರ್ಚ್ 16ಕ್ಕೆ. ನಮ್ಮ ಜಿಲ್ಲೆಯ ಮತದಾನ ಏಪ್ರಿಲ್ 26ಕ್ಕೇ ಮುಗಿದರೂ ಎಣಿಕೆ ಜೂನ್ 4ಕ್ಕೆ. ಹಲಸು ಹಣ್ಣಾಗಿ ಆನೆ ಇಳಿಯುವ ಕಾಲ ಪೂರ್ತಿ ಅದರಲ್ಲೇ ಹೋಯಿತು. ವಿನಾಯಿತಿ ಬೇಡುವವರ ಅರ್ಜಿ ಪರಿಶೀಲಿಸಲು ಸಮಿತಿ ಉಂಟು. ಕೆಲವು ಕೃಷಿಕರು ಹೈಕೋರ್ಟಿನವರೆಗೂ ಹೋದರು.

ಸುಳ್ಯದ ಒಳಗಿನ ಒಂದು ಮನೆಯಲ್ಲಿ ಠೇವಣಿಯ ಹಿಂದಿನ ದಿನ ಕೋವಿ ತೊಳೆಯುವುದನ್ನು ನೋಡಿದೆ. ಮಸಿ ಸುಟ್ಟ ಬೂದಿ ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಈ ಮಳೆ ಸೀಮೆಯಲ್ಲಿ ಒಂದು ವಾರ ಉದಾಸೀನ ಮಾಡಿದರೆ ನಳಿಗೆ ತುಕ್ಕು ಹಿಡಿದಂತೆಯೇ. ಮನೆಯ ಯಜಮಾನರು ಬಚ್ಚಲ ಹಂಡೆಯ ಕುದಿನೀರನ್ನು ಆಲಿಕೆ ಇಟ್ಟು ಬಾಯಿಗೆ ಹೊಯ್ದರು. ಇನ್ನೊಂದು ತುದಿಯಿಂದ ಕಪ್ಪು ನೀರು ಇಳಿಯಿತು, ಕೊಳೆತ ಮೊಟ್ಟೆಯ ನಾತದೊಂದಿಗೆ. ಮೂರನೇ ಚೊಂಬಿಗೆ ನೀರು ತಿಳಿಯಾಯಿತು. ಗಜದ ತುದಿಗೆ ಹಳೆ ಬನಿಯನ್ನಿನ ಚೂರು ಸುತ್ತಿ ಒರೆಸಿ, ನಳಿಗೆ ಇನ್ನೂ ಬಿಸಿಯಿರುವಾಗಲೇ ತೆಂಗಿನೆಣ್ಣೆ ಎಳೆದರು. ಮಾಮೂಲಿಗಿಂತ ಹೆಚ್ಚೇ ಎಳೆದರು.

“ಇಷ್ಟು ಎಣ್ಣೆ ಯಾಕೆ?” ಎಂದೆ.

“ಅಲ್ಲಿ ಮೂರು ತಿಂಗಳು ಇದನ್ನು ಯಾರು ಮುಟ್ಟುತ್ತಾರೆ ಮಾರಾಯ್ರೇ” ಎನ್ನುತ್ತ ಅವರು ಬಾಯಿಗೆ ಬಟ್ಟೆಯ ಬಿರಡೆ ಜಡಿದರು. ತೋಟದ ತಲೆಯ ಮೇಲೆ ಅಡಿಕೆ ಮರವೊಂದು ಬಾಗಿ ಇನ್ನೊಂದಕ್ಕೆ ತಾಗಿತು. ಗಾಳಿ ಇರಲಿಲ್ಲ. ಅವರು ಒಮ್ಮೆ ಅತ್ತ ನೋಡಿ, ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿಟ್ಟು, ನೆಲದಿಂದ ಒಂದು ಕಲ್ಲು ಹೆಕ್ಕಿಕೊಂಡರು.