ಕರೆಂಟು ಸೋರುವ ಜಾಗ

ಮೆಕ್ಯಾನಿಕ್ ಬೇರೆ, ಎಲೆಕ್ಟ್ರಿಷಿಯನ್ ಬೇರೆ. ನಂಜನಗೂಡಿನಲ್ಲಾಗಲಿ ತಿ.ನರಸೀಪುರದಲ್ಲಾಗಲಿ ಹಳೇ ಗಾಡಿ ಇಟ್ಟುಕೊಂಡವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆಟೋ ಎಲೆಕ್ಟ್ರಿಕಲ್ ಅಂಗಡಿ ಎಂದರೆ ಒಂದು ಷಟರಿನ ಜಾಗ. ಒಳಗೆ ಬಿಚ್ಚಿಟ್ಟ ಸೆಲ್ಫ್ ಮೋಟಾರುಗಳು, ಚಾರ್ಜಿಗೆ ಹಾಕಿದ ಬ್ಯಾಟರಿಗಳು, ಒಂದು ಟೆಸ್ಟ್ ಲ್ಯಾಂಪು, ಮಲ್ಟಿಮೀಟರು, ಕಪ್ಪು ಟೇಪು. ಗಾಡಿ ನಿಲ್ಲುವುದು ರಸ್ತೆ ಬದಿಯಲ್ಲೇ. ಅಲ್ಲಿಗೆ ಬರುವ ದೂರುಗಳಲ್ಲಿ ಹಾರ್ನು, ಇಂಡಿಕೇಟರುಗಳದ್ದು ಬೇಗ ಬಗೆಹರಿಯುತ್ತದೆ. ಕಷ್ಟದ್ದು ಇದು: “ರಾತ್ರಿ ಚೆನ್ನಾಗೇ ಇತ್ತು ಅಣ್ಣ, ಬೆಳಿಗ್ಗೆ ಸೆಲ್ಫೇ ಹೊಡೀತಿಲ್ಲ.”

ಹೊಸ ಬ್ಯಾಟರಿ ಹಾಕಿಸಿ ಕಳಿಸುವುದು ಎಲ್ಲಕ್ಕಿಂತ ಸುಲಭ. ಗಿರಾಕಿಗೂ ಅದೇ ಸಮಾಧಾನ, ಏನೋ ಕೊಂಡಂತಾಯಿತು ಎಂದು. ಆದರೆ ತೂತಿರುವ ತೊಟ್ಟಿಗೆ ಹೊಸ ನೀರು ತುಂಬಿಸಿ ಏನು ಬಂತು? ಬಾಗಿಲಿನ ಸ್ವಿಚ್ಚು ಕಚ್ಚಿಕೊಂಡು ಕ್ಯಾಬಿನ್ನಿನ 5 ವ್ಯಾಟಿನ ಒಂದೇ ಬಲ್ಬು ಉರಿಯುತ್ತಿದೆ ಎನ್ನಿ. ಅದು ಎಳೆಯುವುದು ಅರ್ಧ ಆಂಪಿಯರಿಗಿಂತ ಕಡಿಮೆ. ಆದರೂ ದಿನಕ್ಕೆ 10 ಆಂಪಿಯರ್-ಅವರ್ ಖರ್ಚು. ಚಿಕ್ಕ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಎರಡು ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿದಿರುತ್ತದೆ. ಹಾಗೆ ಮತ್ತೆ ಮತ್ತೆ ಇಳಿದರೆ ಒಳಗಿನ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟು ಗಟ್ಟಿಯಾಗಿ, ಹೊಸ ಬ್ಯಾಟರಿಯೂ ವರ್ಷ ತುಂಬುವ ಮುನ್ನ ಕೆಡುತ್ತದೆ.

ಬಲ್ಲವರು ಮೊದಲು ಬ್ಯಾಟರಿಯನ್ನೇ ವಿಚಾರಿಸಿಕೊಳ್ಳುತ್ತಾರೆ. ಸುಮ್ಮನೆ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜು, 12.2 ಇದ್ದರೆ ಸುಮಾರು ಅರ್ಧ. ಎಂಜಿನ್ ಚಾಲೂ ಮಾಡಿದಾಗ ಅದು 14ರ ಆಸುಪಾಸಿಗೆ ಏರದಿದ್ದರೆ ತಪ್ಪು ಚಾರ್ಜಿಂಗಿನದು, ಸೋರಿಕೆಯದಲ್ಲ. ಈ ಎರಡನ್ನು ಬೇರ್ಪಡಿಸದೆ ಹುಡುಕಲು ಕೂತರೆ ದಿನವಿಡೀ ವ್ಯರ್ಥ. ಆಮೇಲೆ ಕೀ ತೆಗೆದು, ಬಾಗಿಲು ಮುಚ್ಚಿ, ಮೈನಸ್ ಟರ್ಮಿನಲ್ ಬಿಚ್ಚಿ, ತಂತಿಗೂ ಟರ್ಮಿನಲ್ಲಿಗೂ ನಡುವೆ ಆಂಪಿಯರಿಗೆ ತಿರುಗಿಸಿದ ಮೀಟರು ಹಿಡಿಯುತ್ತಾರೆ. ಆಗ ಅಪ್ಪಿತಪ್ಪಿ ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸು ಹಾರಿತೆಂದೇ ಅರ್ಥ. ಗಡಿಯಾರ, ಸ್ಟೀರಿಯೋಗಳ ನೆನಪಿಗಾಗಿ 50 ಮಿಲಿಆಂಪಿಯರ್‌ವರೆಗೆ ಹೋದರೆ ತೊಂದರೆಯಿಲ್ಲ. ಅದಕ್ಕಿಂತ ಮೇಲಿದ್ದರೆ ಒಂದೊಂದೇ ಫ್ಯೂಸು ಕೀಳುತ್ತಾ ಹೋಗುವುದು. ಯಾವುದನ್ನು ಕಿತ್ತಾಗ ಮೀಟರು ಇಳಿಯಿತೋ ಆ ಲೈನಿನಲ್ಲಿ ಕಳ್ಳ ಇದ್ದಾನೆ.

ಈ ವಿಧಾನ ಹಳೆಯ ಅಂಬಾಸಿಡರಿನಲ್ಲಿ, ಜೀಪಿನಲ್ಲಿ ಅರ್ಧದಷ್ಟು ಮಾತ್ರ ಕೆಲಸಕ್ಕೆ ಬರುತ್ತದೆ. ಅವುಗಳಲ್ಲಿ ಫ್ಯೂಸುಗಳೇ ಬೆರಳೆಣಿಕೆ, ಎಷ್ಟೋ ಲೈನುಗಳು ಫ್ಯೂಸನ್ನೇ ಕಾಣದೆ ಹೋಗಿರುತ್ತವೆ. ಅಲ್ಲಿ ಅನುಭವ ಬೇಕು. ಡೈನಮೋ ಇರುವ ಗಾಡಿಯಾದರೆ ಕಟೌಟಿನ ಮೇಲೆ ಮೊದಲ ಅನುಮಾನ. ಎಂಜಿನ್ ನಿಂತ ಕೂಡಲೇ ಬಿಟ್ಟುಕೊಳ್ಳಬೇಕಾದ ಅದರ ಪಾಯಿಂಟುಗಳು ಸುಟ್ಟು ಅಂಟಿಕೊಂಡಿದ್ದರೆ ಬ್ಯಾಟರಿ ಡೈನಮೋದೊಳಕ್ಕೇ ಹರಿದು ಖಾಲಿಯಾಗುತ್ತದೆ. ಆಲ್ಟರ್ನೇಟರ್ ಇದ್ದರೆ ಒಳಗಿನ ಡಯೋಡು. ರಾತ್ರಿಯೆಲ್ಲ ನಿಂತಿದ್ದ ಗಾಡಿಯ ಆಲ್ಟರ್ನೇಟರನ್ನು ಬೆಳಿಗ್ಗೆ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಡಯೋಡು ಶಾರ್ಟ್ ಆಗಿದೆ ಎನ್ನುವುದು ಮೀಟರಿಲ್ಲದೆ ಕಲಿತವರ ವಿದ್ಯೆ. ನನಗೆ ಈ ಕಸುಬಿನ ಮೇಲೆ ಗೌರವ ಹುಟ್ಟಿದ್ದು ಇಂಥ ಕಡೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದರೂ ಅದರ ಹಳೆಯ 6 ವೋಲ್ಟಿನ ಬೈಕುಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ಈ ಭಾಗದಲ್ಲಿದ್ದಾರೆ. ಅವುಗಳ ವೈರಿಂಗ್ ತಿಳಿದ ಕೈಗಳು ಕಡಿಮೆಯಾಗುತ್ತಿರುವುದು ನಿಜಕ್ಕೂ ಸಂಕಟದ ಸಂಗತಿ.

ಊರಿನ ಗುಣವೂ ಗಾಡಿಯ ರೋಗದಲ್ಲಿ ಕಾಣುತ್ತದೆ. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತು, ಮೈಸೂರು ರಸ್ತೆಯೂ ಮುಳುಗಿತು. ಅಂಥ ನೀರು ಹೊಕ್ಕ ಗಾಡಿ ಒಣಗಿದ ಮೇಲೆ ಓಡುತ್ತದೆ ನಿಜ. ಆದರೆ ಕನೆಕ್ಟರುಗಳೊಳಗೆ ಉಳಿದ ಕೆಸರಿನ ತೇವಕ್ಕೆ ತಾಮ್ರ ಹಸಿರುಗಟ್ಟುತ್ತಾ ಹೋಗಿ, ತಿಂಗಳುಗಳ ನಂತರ ತೊಂದರೆ ಎದ್ದುಬರುತ್ತದೆ. ಕಾವೇರಿ, ಕಪಿಲೆ ಕೂಡುವ ತಿ.ನರಸೀಪುರದ ಸುತ್ತ ನಾಲೆ ನೀರಿನ ಭತ್ತದ ಗದ್ದೆಗಳು. ಗದ್ದೆ ಇದ್ದಲ್ಲಿ ಇಲಿ. ಕೊಟ್ಟಿಗೆಯ ಪಕ್ಕ ನಿಲ್ಲಿಸಿದ ಓಮ್ನಿಯ ವೈರನ್ನು ಇಲಿ ಕಡಿದು, ಬರಿ ತಾಮ್ರ ಬಾಡಿಗೆ ತಾಗಿದರೆ ಶಾರ್ಟು. ಅಂಥಲ್ಲಿ ಹಾರಿದ ಫ್ಯೂಸಿನ ಜಾಗಕ್ಕೆ 21 ವ್ಯಾಟಿನ ಬಲ್ಬು ಸಿಕ್ಕಿಸಿ ವೈರಿಂಗನ್ನು ಅಲ್ಲಲ್ಲಿ ಅಲುಗಿಸುತ್ತಾರೆ. ಬಲ್ಬು ಝಗ್ಗನೆ ಹೊತ್ತಿ ಮಂಕಾಗುವ ಕಡೆ ಗಾಯ ಇರುತ್ತದೆ. ಇನ್ನು ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಟ್ರ್ಯಾಕ್ಟರುಗಳು. ಟೇಪು, ಸ್ಪೀಕರು, ಬಣ್ಣದ ಲೈಟುಗಳನ್ನು ಫ್ಯೂಸಿಲ್ಲದೆ ನೇರ ಬ್ಯಾಟರಿಗೆ ಕಟ್ಟಿರುವುದೇ ಹೆಚ್ಚು. ಅಲ್ಲಿ ಕಂಪನಿಯ ವೈರಿಂಗ್ ನಕ್ಷೆ ಉಪಯೋಗಕ್ಕೆ ಬಾರದು, ಕಟ್ಟಿದವನ ಮನಸ್ಸನ್ನೇ ಓದಬೇಕು.

ಸೋರಿಕೆ ಇಲ್ಲದೆಯೂ ಬ್ಯಾಟರಿ ಸತ್ತಂತೆ ನಟಿಸುವುದುಂಟು. ಎಂಜಿನ್ನಿಗೂ ಬಾಡಿಗೂ ಇರುವ ಅರ್ತ್ ಪಟ್ಟಿ ತುಕ್ಕು ಹಿಡಿದಿದ್ದರೆ ಸೆಲ್ಫ್ ‘ಟಿಕ್’ ಎಂದು ನಿಲ್ಲುತ್ತದೆ, ಇಂಡಿಕೇಟರ್ ಹಾಕಿದರೆ ಹೆಡ್‌ಲೈಟೂ ಮಿಣುಕುತ್ತದೆ. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿದರೆ ಮುಗಿಯಿತು. ಇಲ್ಲಿ ಪಾರ್ಟಿನ ಬಿಲ್ಲೇ ಇಲ್ಲ. ಆಗ ಗಿರಾಕಿ, “ಬರೀ ಬೋಲ್ಟ್ ಟೈಟ್ ಮಾಡಿದ್ದಕ್ಕೆ ಇಷ್ಟಾ?” ಎನ್ನುತ್ತಾನೆ. ಅನ್ಯಾಯದ ಮಾತು ಅದು. ಯಾವ ಬೋಲ್ಟು ಎಂದು ತಿಳಿಯಲು ಹೋದ ಮೂರು ಗಂಟೆಗೆ ಕೂಲಿ ಇಲ್ಲದಿದ್ದರೆ ಮುಂದಿನ ಹುಡುಗ ಹುಡುಕುವುದನ್ನು ಯಾಕೆ ಕಲಿಯಬೇಕು? ಬ್ಯಾಟರಿ ಮಾರುವುದರಲ್ಲೇ ಲಾಭ ಎಂದುಕೊಂಡರೆ ತಪ್ಪು ಯಾರದು?

ಸ್ವಂತ ಗಾಡಿಗೆ 15 ವರ್ಷ ತುಂಬಿದರೆ ನೋಂದಣಿ ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲಿಸಬೇಕು, ಲೈಟು, ಹಾರ್ನು ಎಲ್ಲವೂ ಸರಿಯಿರಬೇಕು. ಆಗ ಓಡಿಬರುವವರೇ ಜಾಸ್ತಿ. ಅದಕ್ಕೆ ಮುಂಚೆಯೇ ಹೋಗುವುದು ಒಳ್ಳೆಯದು. ಹೋಗುವಾಗ ಮೂರು ವಿಷಯ ಹೇಳಿ: ಬ್ಯಾಟರಿ ಒಂದೇ ರಾತ್ರಿಯಲ್ಲಿ ಇಳಿಯುತ್ತದೋ ವಾರ ನಿಂತರೆ ಇಳಿಯುತ್ತದೋ, ಕೊನೆಯ ಸಲ ಗಾಡಿಗೆ ಹೊಸದಾಗಿ ಏನು ಹಾಕಿಸಿದಿರಿ, ನೀರಿಗೆ ಇಳಿದಿತ್ತೇ. ಗಾಡಿಯನ್ನು ಅಲ್ಲಿ ಬಿಡಿ. ಒಂದು ರಾತ್ರಿ ನಿಂತರೇ ಕೆಲವು ಸೋರಿಕೆಗಳು ಸಿಕ್ಕಿಬೀಳುವುದು.