ಬೈಲಕುಪ್ಪೆಯಲ್ಲಿ ಧರ್ಮ ಮತ್ತು ರಾಜ್ಯ

ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣಗಳನ್ನು ಹಾದು ಮಡಿಕೇರಿಗೆ ಸಾಗುವ ಹೆದ್ದಾರಿಯಲ್ಲಿ, ಕುಶಾಲನಗರಕ್ಕೆ ತುಸು ಮೊದಲೇ ಬೈಲಕುಪ್ಪೆ ಸಿಗುತ್ತದೆ. ಮುಸುಕಿನ ಜೋಳದ ಹೊಲಗಳ ನಡುವೆ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು ಹಾರಾಡುವ ಆ ಟಿಬೆಟನ್ನರ ನೆಲೆಗೆ ಹೋಗಿ, ಸ್ವರ್ಣಮಂದಿರದ ಬೃಹತ್ ಬುದ್ಧಮೂರ್ತಿಯನ್ನು ಕಂಡು ಬೆರಗಾಗದವರು ವಿರಳ. ಆದರೆ ಧರ್ಮಕ್ಕೂ ರಾಜ್ಯಾಧಿಕಾರಕ್ಕೂ ಇರಬೇಕಾದ ಸಂಬಂಧ ಎಂತಹುದು ಎಂಬ ಹಳೆಯ ಪ್ರಶ್ನೆಗೆ ಆ ಜನ ಕಂಡುಕೊಂಡ ಉತ್ತರ ಅದಕ್ಕಿಂತಲೂ ಗಮನಾರ್ಹವಾದುದು.

ಟಿಬೆಟ್ಟಿನಲ್ಲಿ ಇವೆರಡೂ ಬೇರೆಯಾಗಿರಲಿಲ್ಲ. 1642ರಲ್ಲಿ ಐದನೆಯ ದಲೈ ಲಾಮಾ ಅವರ ಆಳ್ವಿಕೆ ಆರಂಭವಾದಂದಿನಿಂದ ಧರ್ಮಗುರುವಿನ ಪೀಠವೇ ರಾಜ್ಯದ ಸಿಂಹಾಸನವೂ ಆಯಿತು. ಸರ್ಕಾರದ ಹುದ್ದೆಗಳಲ್ಲಿ ಗೃಹಸ್ಥರ ಜೊತೆಗೆ ಭಿಕ್ಷುಗಳೂ ಇದ್ದರು. ವಿಹಾರಗಳಿಗೆ ವಿಸ್ತಾರವಾದ ಭೂಮಿಯ ಒಡೆತನವಿತ್ತು. 1959ರಲ್ಲಿ ಹದಿನಾಲ್ಕನೆಯ ದಲೈ ಲಾಮಾ ಅವರು ಭಾರತದ ಆಶ್ರಯವನ್ನು ಅರಸಿ ಬಂದಾಗ ಸಾವಿರಾರು ಜನ ಅವರನ್ನು ಹಿಂಬಾಲಿಸಿದರು. ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯ ಬಳಿ ಸುಮಾರು 3000 ಎಕರೆ ಕಾಡುಭೂಮಿಯನ್ನು ಅವರ ವಸತಿಗೆಂದು ಬಿಟ್ಟುಕೊಟ್ಟಿತು. ಹಿಮದ ನಾಡಿನವರು ಇಲ್ಲಿಯ ಸೆಕೆಯನ್ನು ಸಹಿಸಿ, ಮರ ಕಡಿದು, ಕಾಡಾನೆಗಳ ಭಯದ ನಡುವೆಯೇ ಉತ್ತು ಬಿತ್ತಿದರು. 1969ರಲ್ಲಿ ಅಲ್ಲಿಯೇ ಎರಡನೆಯ ವಸತಿಯೂ, ಅನಂತರ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಮತ್ತೊಂದೂ ತಲೆಯೆತ್ತಿದವು. ಲ್ಹಾಸಾದ ಬಳಿ 1419ರಲ್ಲಿ ಸ್ಥಾಪಿತವಾಗಿದ್ದ ಸೆರಾ ಮಹಾವಿಹಾರ ಬೈಲಕುಪ್ಪೆಯಲ್ಲಿ ಮರುಹುಟ್ಟು ಪಡೆಯಿತು.

ಇವರಲ್ಲಿ ಬಹುಮಂದಿ ಭಾರತದ ಪೌರರಲ್ಲ; ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಂಡು ಇಲ್ಲಿ ನೆಲೆಸಿರುವವರು. ಹಾಗಿದ್ದರೆ ಇವರ ಪೂಜೆ ಪ್ರಾರ್ಥನೆಗಳು ಸರ್ಕಾರದ ದಯೆಯಿಂದ ನಡೆಯುತ್ತಿವೆಯೇ? ಹಾಗಲ್ಲ. ನಮ್ಮ ಸಂವಿಧಾನದಲ್ಲಿ ಭಾಷಣ ಸ್ವಾತಂತ್ರ್ಯವನ್ನು ನೀಡುವ 19ನೆಯ ವಿಧಿಯು ‘ಪೌರರು’ ಎನ್ನುತ್ತದೆ. ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ನೀಡುವ 25ನೆಯ ವಿಧಿಯು ‘ವ್ಯಕ್ತಿಗಳು’ ಎನ್ನುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಗಳಿಗೆ ಭಂಗ ಬಾರದಂತೆ ತನ್ನ ಧರ್ಮವನ್ನು ಆಚರಿಸುವ ಹಕ್ಕು ಈ ನೆಲದ ಮೇಲಿರುವ ಪ್ರತಿಯೊಬ್ಬ ಮನುಷ್ಯನಿಗೂ ಉಂಟು. ಒಂದು ಪದದ ಆಯ್ಕೆಯಲ್ಲಿ ಎಷ್ಟು ದೊಡ್ಡ ಔದಾರ್ಯವಿದೆ!

ದಯೆಗೂ ಹಕ್ಕಿಗೂ ಇರುವ ಅಂತರವನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಕೃಷ್ಣರಾಜನಗರದ ಕಡೆಯ ಚಿಕ್ಕಹನಸೋಗೆಯು ಹನ್ನೊಂದನೆಯ ಶತಮಾನದಲ್ಲಿ ಜೈನರ ಹೆಸರಾಂತ ಕ್ಷೇತ್ರವಾಗಿದ್ದಿತು. ಚಂಗಾಳ್ವ ಅರಸರು ಅಲ್ಲಿ ಬಸದಿಗಳನ್ನು ಕಟ್ಟಿಸಿ ದತ್ತಿಗಳನ್ನು ಬಿಟ್ಟರು. ಮುಂದಿನ ಚಂಗಾಳ್ವರು ವೀರಶೈವವನ್ನು ಅವಲಂಬಿಸಿದಾಗ ಆ ಕ್ಷೇತ್ರಕ್ಕೆ ಅರಮನೆಯ ಆಸರೆ ತಪ್ಪಿತು. ಅರಸನ ಒಲವನ್ನು ನಂಬಿದ ಧರ್ಮವು ಅರಸನ ಒಲವು ಬದಲಾದಂತೆ ಸೊರಗುವುದು ಸಹಜವೇ. ಆದಿನಾಥನ ತ್ರಿಕೂಟ ಬಸದಿ ಇಂದಿಗೂ ಅಲ್ಲಿ ನಿಂತಿದೆ.

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಆದ ತಿದ್ದುಪಡಿ, ಫ್ರಾನ್ಸಿನ 1905ರ ಶಾಸನ ಇವು ಧರ್ಮಸಂಸ್ಥೆ ಮತ್ತು ಸರ್ಕಾರಗಳ ನಡುವೆ ಗಡಿಯನ್ನು ಹಾಕಿದವು. ಭಾರತದ ರೀತಿ ಬೇರೆ. ಯಾವುದೇ ಒಂದು ಧರ್ಮದ ಪೋಷಣೆಗಾಗಿ ತೆರಿಗೆ ಕೊಡುವಂತೆ ಯಾರನ್ನೂ ಒತ್ತಾಯಿಸಲಾಗದು ಎಂದು 27ನೆಯ ವಿಧಿ ಹೇಳುತ್ತದೆಯಾದರೂ, ನಮ್ಮ ಮುಜರಾಯಿ ಇಲಾಖೆ ದೇವಾಲಯಗಳ ಆಡಳಿತವನ್ನು ನೋಡಿಕೊಳ್ಳುತ್ತಿದೆ. ಇದು ಪ್ರತ್ಯೇಕತೆಯೇ ಎಂದು ಕೇಳುವವರ ಪ್ರಶ್ನೆ ನ್ಯಾಯವಾದುದೇ. ಆದರೂ ರಾಜ್ಯಕ್ಕೆ ತನ್ನದೆಂಬ ಧರ್ಮವಿಲ್ಲವೆಂಬ ತತ್ತ್ವ ಅಚಲವಾಗಿದೆ. ಕರ್ನಾಟಕದ ಮಾಜಿ ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1994ರಲ್ಲಿ ಧರ್ಮನಿರಪೇಕ್ಷತೆಯನ್ನು ಸಂವಿಧಾನದ ಮೂಲ ರಚನೆಯ ಅಂಗವೆಂದು ಸಾರಿತು.

ಇಂತಹ ನೆಲದಲ್ಲಿ ಬೆಳೆದ ಟಿಬೆಟನ್ನರು ತಮ್ಮ ಹಳೆಯ ಏರ್ಪಾಡನ್ನು ತಾವೇ ತಿದ್ದಿಕೊಂಡರು. 1960ರಲ್ಲಿಯೇ ಅವರ ಚುನಾಯಿತ ಪ್ರತಿನಿಧಿ ಸಭೆ ಏರ್ಪಟ್ಟಿತು. 1963ರ ಸಂವಿಧಾನದ ಕರಡಿನಲ್ಲಿ ದಲೈ ಲಾಮಾ ಅವರ ಅಧಿಕಾರವನ್ನೇ ಹಿಂದೆಗೆದುಕೊಳ್ಳುವ ಅವಕಾಶವಿತ್ತು. ಭಕ್ತರಿಗೆ ಇದು ಹಿಡಿಸಲಿಲ್ಲವಾದರೂ ಅವರೇ ಅದನ್ನು ಉಳಿಸಿದರು. ಕೊನೆಗೆ 2011ರಲ್ಲಿ ತಮ್ಮ ರಾಜಕೀಯ ಅಧಿಕಾರವನ್ನೆಲ್ಲ ಬಿಟ್ಟುಕೊಟ್ಟರು. ಸುಮಾರು 370 ವರ್ಷಗಳ ಪದ್ಧತಿ ಹೀಗೆ ಮುಗಿಯಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಲೋಬ್ಸಾಂಗ್ ಸಾಂಗೇ ಎಂಬ ಗೃಹಸ್ಥರು, ಜನರ ಮತದಿಂದ ಆಯ್ಕೆಯಾಗಿ, ಧರ್ಮಶಾಲೆಯಲ್ಲಿರುವ ಟಿಬೆಟನ್ ಆಡಳಿತದ ಹೊಣೆಯನ್ನು ಹೊತ್ತರು. 2021ರಲ್ಲಿ ಆ ಸ್ಥಾನಕ್ಕೆ ಆಯ್ಕೆಯಾದ ಪೆನ್ಪಾ ತ್ಸೆರಿಂಗ್ ಅವರು 1967ರಲ್ಲಿ ಹುಟ್ಟಿದ್ದು ಬೈಲಕುಪ್ಪೆಯಲ್ಲಿಯೇ.

ಬೇರ್ಪಡಿಕೆ ಪೂರ್ಣವಾಯಿತೆನ್ನುವಂತಿಲ್ಲ. ಅವರ ಪ್ರತಿನಿಧಿ ಸಭೆಯಲ್ಲಿ ಬೌದ್ಧರ ನಾಲ್ಕು ಪಂಥಗಳಿಗೂ ಬೋನ್ ಧರ್ಮಕ್ಕೂ ಎರಡೆರಡು ಸ್ಥಾನಗಳು ಇಂದಿಗೂ ಮೀಸಲಾಗಿವೆ. ಸಭೆಯ ಚುನಾವಣೆ ಬಂದಾಗ ಬೈಲಕುಪ್ಪೆಯ ರೈತನು ತನ್ನ ಪ್ರಾಂತದ ಪ್ರತಿನಿಧಿಗಳಿಗೆ ಮಾತ್ರ ಮತ ಹಾಕುತ್ತಾನೆ. ಪಕ್ಕದ ವಿಹಾರದ ಭಿಕ್ಷುವು ಪ್ರಾಂತಕ್ಕೊಮ್ಮೆ, ತನ್ನ ಪಂಥಕ್ಕೊಮ್ಮೆ ಮತ ಹಾಕುತ್ತಾನೆ. ಇದು ಸರಿಯೇ ಎಂಬ ಚರ್ಚೆ ಅವರಲ್ಲಿ ನಡೆದೇ ಇದೆ.